ಗಲ್ಫ್‌ನ ಪೆಟ್ಟಿಗೆ ಹಿಮಕ್ಕಾಗದು

ಕಾಸರಗೋಡಿನವರಿಗೆ ಪರದೇಶಕ್ಕೆ ಹೊರಡುವುದು ಹೊಸದಲ್ಲ. ಪೆಟ್ಟಿಗೆಗೆ ಹಗ್ಗ ಹೇಗೆ ಬಿಗಿಯಬೇಕು, ಕರಾರು ಪತ್ರದಲ್ಲಿ ಯಾವ ಸಾಲು ಮೊದಲು ಓದಬೇಕು, ತೂಕ ಹೆಚ್ಚಾದರೆ ಯಾವುದನ್ನು ತೆಗೆಯಬೇಕು ಎಂಬುದು ಮನೆಗೊಬ್ಬರಿಗಾದರೂ ಗೊತ್ತು. ಆದರೆ ಈ ತಿಳಿವಳಿಕೆಯೆಲ್ಲ ಗಲ್ಫ್‌ಗೆ ಹೊಂದಿಕೊಂಡದ್ದು: ಎರಡು ವರ್ಷದ ಕರಾರು, ಕಂಪೆನಿಯ ಕ್ಯಾಂಪು, ಸುಡುವ ಬಿಸಿಲು. ಹಿಮದ ಮೇಲೆ ಜಾರುವ ಆಟಕ್ಕೆ ಜನ ಬರುವ ಸ್ಕೀ ರೆಸಾರ್ಟಿನ ಕೆಲಸವಾದರೆ ನಾಲ್ಕು ತಿಂಗಳದ್ದು. ಗಲ್ಫ್‌ನಲ್ಲಿ ಮೊದಲ ಒಂದೆರಡು ತಿಂಗಳು ಎಡವಿದರೂ ಉಳಿದ ದಿನಗಳಲ್ಲಿ ಸುಧಾರಿಸಿಕೊಳ್ಳಬಹುದು. ಹಿಮದ ಊರಿನಲ್ಲಿ ಒಂದು ತಿಂಗಳು ಕೆಟ್ಟರೆ ಸೀಸನ್ನಿನ ಕಾಲು ಭಾಗವೇ ಹೋಯಿತು. ಅದಕ್ಕೇ ಹೇಳುವುದು: ಕಾಗದ, ಕಾಸು, ಕಾಲು, ಈ ಮೂರನ್ನು ಊರಿನಲ್ಲೇ ಸರಿಮಾಡಿಕೊಂಡು ಹೊರಡಬೇಕು.

ಮೊದಲು ಹೋಗಲು ದಾರಿ ಎಲ್ಲಿದೆ ಎಂಬುದು. ಇಂಟರ್‌ನೆಟ್ಟಿನಲ್ಲಿ ಸ್ಕೀ ಸೀಸನ್ ಕೆಲಸದ ಬಗ್ಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಬ್ರಿಟನ್ನಿನವರಿಗೋ ಆಸ್ಟ್ರೇಲಿಯದವರಿಗೋ ಬರೆದದ್ದು. ಅವರ ಪಾಸ್‌ಪೋರ್ಟಿಗೆ ತೆರೆಯುವ ಬಾಗಿಲು ನಮ್ಮದಕ್ಕೆ ತೆರೆಯುವುದಿಲ್ಲ. ಯುವಕರಿಗೆಂದು ಕೆನಡಾ ಕೊಡುವ ವರ್ಕಿಂಗ್ ಹಾಲಿಡೇ (ಸುತ್ತಾಡುತ್ತಲೇ ದುಡಿಯಲೂ ಬಿಡುವ ವೀಸಾ) ಪಟ್ಟಿಯಲ್ಲಿ ಭಾರತ ಇಲ್ಲ. ಜಪಾನಿನದ್ದರಲ್ಲೂ ಇಲ್ಲ. ನಮಗೆ ನೇರವಾಗಿ ತೆರೆದಿರುವುದು ಆಸ್ಟ್ರೇಲಿಯದ ಸಬ್‌ಕ್ಲಾಸ್ 462, ವರ್ಕ್ ಆ್ಯಂಡ್ ಹಾಲಿಡೇ ವೀಸಾ. ಭಾರತೀಯರಿಗೆ ಇದು 2024ರಲ್ಲಿ ಆರಂಭವಾಯಿತು. ವರ್ಷಕ್ಕೆ 1,000 ಜಾಗ, ಲಾಟರಿ ಮೂಲಕ ಆಯ್ಕೆ. ವಯಸ್ಸು 18ರಿಂದ 30, ಪ್ಲಸ್ ಟು ಮುಗಿಸಿ ಮೇಲೆ ಕನಿಷ್ಠ ಎರಡು ವರ್ಷದ ಓದು, ಸಾಧಾರಣ ಮಟ್ಟದ ಇಂಗ್ಲಿಷ್ (ಐಇಎಲ್‌ಟಿಎಸ್ ಆದರೆ ಸರಾಸರಿ 4.5). ಲಾಟರಿಗೆ ಹೆಸರು ಕೊಡುವಾಗಲೇ ಪಾಸ್‌ಪೋರ್ಟಿನ ಜೊತೆ ಪಾನ್ ಕಾರ್ಡಿನ ಸಂಖ್ಯೆಯೂ ಬೇಕು. ಶುಲ್ಕ 25 ಆಸ್ಟ್ರೇಲಿಯನ್ ಡಾಲರ್. ಹೆಸರು ಬಂದವರಿಗೆ ಪೂರ್ತಿ ಅರ್ಜಿ ಹಾಕಲು ಸಿಗುವ ಅವಧಿ ಬಹಳ ಚಿಕ್ಕದು. ಹೆಸರು ಬಂದ ಮೇಲೆ ಪರೀಕ್ಷೆಗೆ ಕೂತರಾಯಿತು ಎಂದುಕೊಂಡವರು ಇಲ್ಲೇ ತಪ್ಪಿಸಿಕೊಳ್ಳುತ್ತಾರೆ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಬ್ಯಾಂಕಿನಲ್ಲಿ ಸುಮಾರು 5,000 ಡಾಲರಿನಷ್ಟು ಹಣ, ವಿಶ್ವವಿದ್ಯಾನಿಲಯದ ಅಂಕಪಟ್ಟಿ ಮೊದಲೇ ಕೈಯಲ್ಲಿರಲಿ.

ಯೂರೋಪಿಗೆ ಹೋಗುವುದಾದರೆ ಮಾಲೀಕನೇ ನಿಮ್ಮ ಹೆಸರಲ್ಲಿ ಅನುಮತಿ ತೆಗೆಯಬೇಕು. ಆಸ್ಟ್ರಿಯದಲ್ಲಿ ಚಳಿಗಾಲದ ಪ್ರವಾಸೋದ್ಯಮಕ್ಕೆಂದು ಸೀಸನ್ ಕೆಲಸಗಾರರ ಕೋಟಾ ಇದೆ, ಇಟಲಿಯಲ್ಲಿ ಡಿಕ್ರೆಟೊ ಫ್ಲುಸ್ಸಿ ಎಂಬ ಕೋಟಾ ಇದೆ. ಎರಡರಲ್ಲೂ ಅರ್ಜಿ ಆರಂಭವಾಗುವುದು ಅಲ್ಲಿಯ ಹೋಟೆಲಿನಿಂದ, ಇಲ್ಲಿಯ ಏಜೆಂಟನಿಂದಲ್ಲ. ಸ್ವಿಟ್ಜರ್‌ಲ್ಯಾಂಡಿನ ಹೆಸರು ಹೇಳಿ ರೆಸಾರ್ಟಿನಲ್ಲಿ ಹೆಲ್ಪರ್ ಕೆಲಸ ಇದೆ ಎಂದು ಹಣ ಕೇಳಿದರೆ ಅಲ್ಲೇ ಎದ್ದು ಬನ್ನಿ. ಯೂರೋಪಿನ ಹೊರಗಿನಿಂದ ಬರುವವರಲ್ಲಿ ಮ್ಯಾನೇಜರು, ತಜ್ಞರು, ವಿಶೇಷ ಅರ್ಹತೆ ಇದ್ದವರಿಗೆ ಮಾತ್ರ ಆ ದೇಶದ ಕಾನೂನು ಕೆಲಸದ ಅನುಮತಿ ಕೊಡುತ್ತದೆ, ಪಾತ್ರೆ ತೊಳೆಯುವವರಿಗಲ್ಲ. ಜಪಾನಿನ ನಿಸೆಕೊ, ಹಕುಬಾ ಕಡೆ ಹೋಗಲು ಆಸೆಯಿದ್ದರೆ ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್ ಎಂಬ ವೀಸಾ ಇದೆ. ಅದರಲ್ಲಿ ವಸತಿಗೃಹದ ಕೆಲಸವೂ ಸೇರಿದೆ. ಅದಕ್ಕೆ ಕೌಶಲ ಪರೀಕ್ಷೆಯ ಜೊತೆ ಎನ್4 ಮಟ್ಟದ ಜಪಾನಿ ಭಾಷೆ ಬೇಕು. ಅದು ಒಂದು ಸೀಸನ್ನಿಗೆ ಹೋಗಿಬರುವವರ ದಾರಿಯಲ್ಲ, ಐದು ವರ್ಷದ ಲೆಕ್ಕ ಹಾಕುವವರ ದಾರಿ.

ಕಾಗದದ ವಿಷಯದಲ್ಲಿ ನಮ್ಮ ಜಿಲ್ಲೆಗೇ ಸೀಮಿತವಾದ ಎರಡು ತೊಡಕುಗಳಿವೆ. ಒಂದು, ಹೆಸರು. ಮನೆಯಲ್ಲಿ ಕನ್ನಡ, ರೇಷನ್ ಕಾರ್ಡಿನಲ್ಲಿ ಮಲಯಾಳ, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇಂಗ್ಲಿಷ್. ಒಂದೇ ಹೆಸರು ಮೂರು ಲಿಪಿ ದಾಟುವಾಗ ‘ಹರೀಶ’ ಒಂದು ಕಡೆ ‘ಹರೀಶನ್’ ಆಗಿರುತ್ತಾನೆ, ಮುಂದಿನ ‘ಕೆ.’ ಒಂದು ಕಡೆ ಮನೆಯ ಹೆಸರು, ಇನ್ನೊಂದು ಕಡೆ ಅಪ್ಪನ ಹೆಸರು ಆಗಿರುತ್ತದೆ. ಎಲ್ಲಕ್ಕೂ ಪಾಸ್‌ಪೋರ್ಟನ್ನೇ ಆಧಾರ ಮಾಡಿಕೊಳ್ಳಿ. ಅದರಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅರ್ಜಿ ಹಾಕುವ ಮೊದಲೇ ಇನಿಷಿಯಲ್ ಬಿಡಿಸಿ ಬರೆಸಿಕೊಂಡು ಹೊಸ ಪುಸ್ತಕ ಮಾಡಿಸಿ. ನಮಗೆ ಪಯ್ಯನ್ನೂರಿನ ಸೇವಾ ಕೇಂದ್ರವೂ ಇದೆ, ಕಾಸರಗೋಡಿನ ಅಂಚೆ ಕಚೇರಿಯಲ್ಲಿರುವ ಕೇಂದ್ರವೂ ಇದೆ. ಎರಡೂ ಕೋಝಿಕ್ಕೋಡಿನ ಪಾಸ್‌ಪೋರ್ಟ್ ಕಚೇರಿಯ ಕೆಳಗೆ ಬರುತ್ತವೆ. ನಂತರ ಪಾನ್, ಬ್ಯಾಂಕ್ ಖಾತೆ, ಇಂಗ್ಲಿಷ್ ಪರೀಕ್ಷೆ ಎಲ್ಲವೂ ಅದೇ ಅಕ್ಷರಗಳಲ್ಲಿರಲಿ.

ಎರಡನೆಯದು, ಸರ್ಟಿಫಿಕೇಟಿನ ದೃಢೀಕರಣ. ನಮ್ಮಲ್ಲಿ ಎಷ್ಟೋ ಮಕ್ಕಳು ಹತ್ತನೆಯವರೆಗೆ ಕೇರಳದ ಕನ್ನಡ ಮಾಧ್ಯಮದಲ್ಲಿ ಓದಿ, ಡಿಗ್ರಿಗೆ ಮಂಗಳೂರಿಗೆ ಹೋಗುತ್ತಾರೆ. ಸರ್ಟಿಫಿಕೇಟ್ ಯಾವ ರಾಜ್ಯದ್ದೋ ಆ ರಾಜ್ಯದಲ್ಲೇ ಮೊದಲ ದೃಢೀಕರಣ ಆಗಬೇಕು. ಕಣ್ಣೂರು ವಿಶ್ವವಿದ್ಯಾನಿಲಯದ್ದಾದರೆ ಪರದೇಶದಲ್ಲಿರುವ ಕೇರಳೀಯರಿಗೆಂದು ಕೇರಳ ಸರಕಾರ ನಡೆಸುವ ನೋರ್ಕಾ ರೂಟ್ಸ್ ಮೂಲಕ ಮಾಡಿಸಬಹುದು. ಮಂಗಳೂರು ವಿಶ್ವವಿದ್ಯಾನಿಲಯದ್ದಾದರೆ ಕರ್ನಾಟಕ ಸರಕಾರದ ಕಡೆಯಿಂದ ಆಗಬೇಕು. ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಅಂದರೆ ಹೊರದೇಶದವರೂ ಒಪ್ಪುವ ದೃಢೀಕರಣ. ಎರಡು ರಾಜ್ಯದ ಕಾಗದ ಇದ್ದವರು ಒಂದೂವರೆ ಎರಡು ತಿಂಗಳು ಇದಕ್ಕೇ ಎತ್ತಿಡಿ. ಪ್ರತಿಯೊಂದು ವೀಸಾಕ್ಕೂ ಅಪೊಸ್ಟಿಲ್ ಬೇಕಾಗುವುದಿಲ್ಲ. ಬೇಕೇ ಎಂದು ಮಾಲೀಕರಲ್ಲಿ ಮೊದಲು ಕೇಳಿ, ಆಮೇಲೆ ಖರ್ಚು ಮಾಡಿ.

ಗಲ್ಫ್‌ನಲ್ಲಿದ್ದು ಬಂದವರಿಗೆ ಇನ್ನೊಂದು ಮಾತು. ಕಳೆದ 10 ವರ್ಷಗಳಲ್ಲಿ 12 ತಿಂಗಳೋ ಅದಕ್ಕಿಂತ ಹೆಚ್ಚೋ ಇದ್ದ ಪ್ರತಿ ದೇಶದ ಪೊಲೀಸ್ ಸರ್ಟಿಫಿಕೇಟನ್ನು ಆಸ್ಟ್ರೇಲಿಯ ಕೇಳಬಹುದು. ದುಬಾಯಿಯೋ ದಮ್ಮಾಮೋ ಬಿಟ್ಟು ಊರಿಗೆ ಬಂದ ಮೇಲೆ ಅದನ್ನು ತರಿಸಿಕೊಳ್ಳುವುದು ಅಲ್ಲಿದ್ದಾಗ ತೆಗೆದುಕೊಳ್ಳುವುದಕ್ಕಿಂತ ಎಷ್ಟೋ ಪಾಲು ಕಷ್ಟ. ಈಗಲೂ ಗಲ್ಫ್‌ನಲ್ಲಿದ್ದು ಈ ಯೋಚನೆ ಇರುವವರು ವೀಸಾ ರದ್ದು ಮಾಡಿಸುವ ಮೊದಲು ಅದನ್ನು ತೆಗೆದಿಟ್ಟುಕೊಳ್ಳಿ. ನಮ್ಮ ದೇಶದ್ದು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಸಿಗುತ್ತದೆ, ಶುಲ್ಕ 500 ರೂಪಾಯಿ.

ಇನ್ನು ಕಾಸು. ಇದನ್ನು ಕಾಗದದ ಮೇಲೆ ಬರೆದು ನೋಡದೆ ಯಾರೂ ಹೊರಡಬಾರದು. ಆಸ್ಟ್ರೇಲಿಯದಲ್ಲಿ 2025ರ ಜುಲೈ 1ರಂದು ಜಾರಿಗೆ ಬಂದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ವಾರಕ್ಕೆ 38 ಗಂಟೆಯಾದರೆ 948 ಡಾಲರ್. 462 ವೀಸಾದವರಿಗೆ ಮೊದಲ ಡಾಲರಿನಿಂದಲೇ ನೂರಕ್ಕೆ 15 ತೆರಿಗೆ, ಕೈಗೆ 806 ಬಂತು. ಕೋಣೆ ಬಾಡಿಗೆ ವಾರಕ್ಕೆ 250, ಊಟ ಓಡಾಟಕ್ಕೆ 120 ಎಂದು ಇಟ್ಟುಕೊಳ್ಳೋಣ (ಇದು ಲೆಕ್ಕಕ್ಕೆ ಹಿಡಿದದ್ದು, ನಿಮಗೆ ಸಿಗುವ ಕೋಣೆಯ ಬಾಡಿಗೆಯನ್ನು ಹಾಕಿ ನೋಡಿ). ಸೀಸನ್ (ಅಲ್ಲಿ ಚಳಿಗಾಲ ಬರುವುದು ನಮ್ಮ ಮಳೆಗಾಲದಲ್ಲಿ) ಜೂನ್ ಎರಡನೆಯ ವಾರಾಂತ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ, ಸುಮಾರು 17 ವಾರ. ಆದರೆ 17 ವಾರವೂ 38 ಗಂಟೆ ಕೆಲಸ ಸಿಗುವುದಿಲ್ಲ. ಆರಂಭದಲ್ಲಿ ಹಿಮ ತಡವಾದರೆ ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟು ಓಡುವುದಿಲ್ಲ, ಕೊನೆಯಲ್ಲಿ ಹಿಮ ಕರಗಿದರೆ ಜನ ಬರುವುದಿಲ್ಲ. ಕ್ಯಾಶುವಲ್ ಎಂದು ಸೇರಿಸಿಕೊಂಡವರಿಗೆ ಕೆಲಸ ಮಾಡಿದ ಗಂಟೆಗೆ ಮಾತ್ರ ಸಂಬಳ. ಆರು ವಾರ ಅರ್ಧ ಕೆಲಸ ಎಂದು ಹಿಡಿದರೆ ತೆರಿಗೆ ಕಳೆದು ಸುಮಾರು 11,300 ಡಾಲರ್ ಬರುತ್ತದೆ, ಖರ್ಚು 6,300, ಉಳಿಯುವುದು 5,000. ನಮ್ಮ ರೂಪಾಯಿಯಲ್ಲಿ ಹೆಚ್ಚುಕಡಿಮೆ ಮೂರು ಲಕ್ಷ. ಹೋಗಿಬರುವ ಟಿಕೆಟ್ಟು, ವೀಸಾ, ಬಟ್ಟೆ, ವಿಮೆ ಎಲ್ಲವೂ ಇದರೊಳಗೆ ಬರಬೇಕು.

ಈ ಲೆಕ್ಕವನ್ನು ಎದುರಿಗಿಟ್ಟುಕೊಂಡು ಏಜೆಂಟ್ ಕೇಳುವ ನಾಲ್ಕೈದು ಲಕ್ಷವನ್ನು ನೋಡಿ. ಎರಡು ವರ್ಷದ ಗಲ್ಫ್ ಕರಾರಿನಲ್ಲಿ ಸಾಲ ತೀರಿಸಿದ ಹಾಗೆ ನಾಲ್ಕು ತಿಂಗಳ ಸೀಸನ್ನಿನಲ್ಲಿ ತೀರಿಸಲು ಸಾಧ್ಯವೇ ಇಲ್ಲ. ಒಡವೆ ಅಡವಿಟ್ಟು ಈ ಕೆಲಸಕ್ಕೆ ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟರು 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನೋಂದಣಿ ಸಂಖ್ಯೆ ಕೇಳಿ, ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ ನೋಡಿ, ರಸೀದಿ ಇಲ್ಲದೆ ಒಂದು ಪೈಸೆಯೂ ಕೊಡಬೇಡಿ. 462 ವೀಸಾಕ್ಕಂತೂ ಏಜೆಂಟನ ಅಗತ್ಯವೇ ಇಲ್ಲ. ಲಾಟರಿಯಲ್ಲಿ ಹೆಸರು ಬರುವಂತೆ ಮಾಡಲು ಯಾರಿಂದಲೂ ಆಗುವುದಿಲ್ಲ. ಮೋಸ ಹೋದರೆ ಸುಮ್ಮನಿರಬೇಡಿ. ಕೇರಳದಲ್ಲಿ ಇದಕ್ಕೆಂದೇ ನೋರ್ಕಾ ಮತ್ತು ಪೊಲೀಸರು ಸೇರಿ ನಡೆಸುವ ‘ಆಪರೇಷನ್ ಶುಭಯಾತ್ರಾ’ ಇದೆ, ಅಲ್ಲಿ ದೂರು ಕೊಡಬಹುದು.

ಹಾಗಾದರೆ ಹೋಗುವುದರಲ್ಲಿ ಲಾಭವೇನು? 462 ವೀಸಾದ ಅವಧಿ ನೀವು ಒಳಹೊಕ್ಕ ದಿನದಿಂದ 12 ತಿಂಗಳು. ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಆರು ತಿಂಗಳು ಮಾತ್ರ ಇರಬಹುದು, ಸ್ಕೀ ಸೀಸನ್ ಅದರೊಳಗೆ ಸರಿಯಾಗಿ ಕೂರುತ್ತದೆ. ಸೀಸನ್ ಮುಗಿದ ಮೇಲೆ ಉಳಿಯುವ ಏಳೆಂಟು ತಿಂಗಳಲ್ಲಿ ತೋಟದಲ್ಲೋ ಪೇಟೆಯ ಹೋಟೆಲಿನಲ್ಲೋ ದುಡಿದರೆ ಆಗ ಲೆಕ್ಕ ಕೂಡಿ ಬರುತ್ತದೆ. ಹಿಮದ ನಾಲ್ಕು ತಿಂಗಳು ಇಡೀ ವರ್ಷದ ಒಂದು ಭಾಗ ಎಂದುಕೊಂಡು ಹೋಗಿ. ಮಾಲೀಕ ನಿಮ್ಮ ಹೆಸರಲ್ಲಿ ಕಟ್ಟುವ ಸೂಪರ್ ಎಂಬ ನಿವೃತ್ತಿ ನಿಧಿ ಸಂಬಳದ ಮೇಲೆ ನೂರಕ್ಕೆ 12. ದೇಶ ಬಿಟ್ಟ ಮೇಲೆ ಅರ್ಜಿ ಹಾಕಿದರೆ ಅದರಲ್ಲಿ 65 ಪಾಲು ತೆರಿಗೆಗೆ ಹೋಗಿ 35 ಪಾಲು ನಿಮಗೆ ಬರುತ್ತದೆ. ಕಡಿಮೆಯಾದರೂ ಬಿಡಬೇಡಿ, ನಿಮ್ಮ ಬೆವರಿನ ದುಡ್ಡು ಅದು. ಅಲ್ಲಿ ಇಳಿದ ಕೂಡಲೇ ತೆರಿಗೆ ಸಂಖ್ಯೆಗೆ ಅರ್ಜಿ ಹಾಕಿ. ಅದಿಲ್ಲದಿದ್ದರೆ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯುತ್ತಾರೆ. ಮೊದಲ ಸಂಬಳ ಕೈಸೇರಲು ಎರಡು ಮೂರು ವಾರ ಹೋಗುತ್ತದೆ, ಕೋಣೆಗೆ ಮುಂಗಡ ಕೊಡಬೇಕು. ಆರು ವಾರ ಸಂಬಳವಿಲ್ಲದೆ ಬದುಕುವಷ್ಟು ಹಣ ಪ್ರತ್ಯೇಕವಾಗಿರಲಿ. ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿಕೊಂಡೇ ಹೊರಡಿ, ಇಲ್ಲವಾದರೆ ಬ್ಯಾಂಕಿನ ಒಟಿಪಿ ಬಾರದೆ ನಿಮ್ಮ ಹಣ ನಿಮಗೇ ಸಿಗುವುದಿಲ್ಲ.

ಆಸ್ಟ್ರೇಲಿಯದ ರೆಸಾರ್ಟುಗಳು (ಪೆರಿಷರ್, ಥ್ರೆಡ್ಬೊ, ಫಾಲ್ಸ್ ಕ್ರೀಕ್, ಹೋಥಮ್, ಬುಲ್ಲರ್) ಜೂನಿನ ಸೀಸನ್ನಿಗೆ ವರ್ಷಾರಂಭದಲ್ಲೇ ಜನ ತೆಗೆದುಕೊಳ್ಳಲು ತೊಡಗುತ್ತವೆ. ಮೇ ತಿಂಗಳಲ್ಲಿ ಕೇಳಿದರೆ ಕೆಲಸ ಸಿಕ್ಕರೂ ಕೋಣೆ ಸಿಗುವುದಿಲ್ಲ. ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಕೋಣೆಯ ಬಗ್ಗೆ ಕೇಳಿ: ಬೆಟ್ಟದ ಮೇಲೋ ಕೆಳಗಿನ ಜಿಂಡಬೈನಿನಂಥ ಪೇಟೆಯಲ್ಲೋ, ಒಂದು ಕೋಣೆಗೆ ಎಷ್ಟು ಜನ, ಅಡುಗೆಗೆ ಒಲೆ ಇದೆಯೇ, ಬೆಳಗಿನ ಐದೂವರೆಯ ಪಾಳಿಗೆ ಬಸ್ಸು ಇದೆಯೇ. ಯೂರೋಪಿನಲ್ಲಾದರೆ ಯೂರೋಪಿಯನ್ ಒಕ್ಕೂಟದ 2014ರ ಸೀಸನ್ ಕೆಲಸಗಾರರ ನಿರ್ದೇಶನ ನಿಮ್ಮ ಕಡೆಗಿದೆ. ಅದರ ಪ್ರಕಾರ ಮಾಲೀಕ ಕೊಟ್ಟ ಕೋಣೆಯ ಬಾಡಿಗೆ ಸಂಬಳಕ್ಕೆ ಹೋಲಿಸಿದರೆ ವಿಪರೀತ ಆಗಿರಬಾರದು, ಅದನ್ನು ಸಂಬಳದಿಂದ ತಾನಾಗಿ ಮುರಿದುಕೊಳ್ಳುವಂತಿಲ್ಲ, ಬಾಡಿಗೆಯ ಕರಾರು ಬರಹದಲ್ಲಿ ಕೊಡಬೇಕು. ಬಾರಿನಲ್ಲಿ, ರೆಸ್ಟೋರೆಂಟಿನಲ್ಲಿ ಮದ್ಯ ಕೊಡುವ ಕೆಲಸಕ್ಕೆ ಆಸ್ಟ್ರೇಲಿಯದಲ್ಲಿ ಆರ್‌ಎಸ್‌ಎ ಎಂಬ ಸರ್ಟಿಫಿಕೇಟ್ ಬೇಕು. ನ್ಯೂ ಸೌತ್ ವೇಲ್ಸ್‌ಗೂ ವಿಕ್ಟೋರಿಯಕ್ಕೂ ಅದರ ನಿಯಮ ಬೇರೆ ಬೇರೆ. ಯಾವ ರಾಜ್ಯದ ರೆಸಾರ್ಟ್ ಎಂದು ಖಚಿತವಾದ ಮೇಲೆಯೇ ಮಾಡಿ.

ಕೋಣೆ ಗುಡಿಸುವುದು, ಅಡುಗೆಮನೆ, ಪಾತ್ರೆ, ಲಾಂಡ್ರಿ, ಇವಕ್ಕೆ ಸ್ಕೀ ಮಾಡಲು ಬರಬೇಕಾಗಿಲ್ಲ. ಆದರೂ ಹಿಮವನ್ನು ಒಮ್ಮೆಯೂ ಕಾಣದೆ ಹೋಗುವುದಕ್ಕಿಂತ ಒಂದು ಸಲ ನೋಡಿ ಹೋಗುವುದು ಒಳ್ಳೆಯದು. ಗುಲ್ಮಾರ್ಗ್‌ನಲ್ಲಿ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಸಂಸ್ಥೆ ಇದೆ, ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ 7 ಮತ್ತು 14 ದಿನಗಳ ಕೋರ್ಸು ನಡೆಸುತ್ತದೆ. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿ, ಅಲ್ಲಿಂದ ಮುಂದೆ. ಆ ಒಂದು ವಾರದಲ್ಲಿ ಸ್ಕೀ ಕಲಿಯದಿದ್ದರೂ ನಿಮ್ಮ ಬೆರಳು ಎಷ್ಟು ಹೊತ್ತಿಗೆ ಮರಗಟ್ಟುತ್ತದೆ, ಯಾವ ಕಾಲುಚೀಲ ಸಾಲುವುದಿಲ್ಲ ಎಂಬುದು ತಿಳಿಯುತ್ತದೆ. ಆ ತಿಳಿವಳಿಕೆಗೆ ಕೊಟ್ಟ ಹಣ ದಂಡವಲ್ಲ.

ಈಗ ಕಾಲು. ಕರಾವಳಿಯವರು ಚಳಿಗೆ ಹೆದರುತ್ತಾರೆ, ಹೆದರಬೇಕಾದದ್ದು ಒದ್ದೆಗೆ. ಆಸ್ಟ್ರೇಲಿಯದ ಬೆಟ್ಟಗಳಲ್ಲಿ ಉಷ್ಣತೆ ಸೊನ್ನೆಯ ಆಚೀಚೆ ಇರುತ್ತದೆ. ಬೆಳಗ್ಗೆ ಹಿಮ, ಮಧ್ಯಾಹ್ನ ಮಳೆ, ರಾತ್ರಿ ಅದೇ ನೀರು ಗಾಜಿನಂಥ ಮಂಜುಗಡ್ಡೆ. ಜಪಾನಿನ ಹೊಕ್ಕೈಡೊದ ಒಣ ಹಿಮವನ್ನು ಕೊಡವಿದರೆ ಉದುರುತ್ತದೆ, ಇಲ್ಲಿಯದು ಬಟ್ಟೆಗೆ ಇಳಿಯುತ್ತದೆ. ಆದ್ದರಿಂದ ದಪ್ಪ ಜಾಕೆಟ್ಟಿಗಿಂತ ನೀರು ಬಿಡದ ಜಾಕೆಟ್ಟು ಮುಖ್ಯ. ಲೇಬಲಿನಲ್ಲಿ ಕನಿಷ್ಠ 10,000 ಮಿಲಿಮೀಟರ್ (ಬಟ್ಟೆ ಎಷ್ಟು ನೀರು ತಡೆಯುತ್ತದೆ ಎಂಬುದರ ಅಳತೆ) ಎಂದಿರಲಿ, ಹೊರಗೆ ಇಡೀ ದಿನ ನಿಲ್ಲುವ ಕೆಲಸಕ್ಕೆ 20,000. ಹೊಲಿಗೆಯ ಒಳಗಡೆ ಟೇಪು ಅಂಟಿಸಿದೆಯೇ ಎಂದು ತಿರುವಿ ನೋಡಿ. ನೀರು ನುಗ್ಗುವುದು ಸೂಜಿಯ ತೂತಿನಿಂದ. ಲಿಫ್ಟ್ ನಡೆಸುವವರಿಗೆ, ಬಾಡಿಗೆ ಅಂಗಡಿಯವರಿಗೆ ಹೆಚ್ಚಾಗಿ ಕಂಪೆನಿಯೇ ಜಾಕೆಟ್ ಕೊಡುತ್ತದೆ, ಕೇಳದೆ ಕೊಳ್ಳಬೇಡಿ.

ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಿರಲೇಬಾರದು. ನಮ್ಮ ಸೆಕೆಗೆ ಹತ್ತಿಯ ಬನಿಯನ್ ದೇವರು ಕೊಟ್ಟ ವರ, ಬೆವರು ಹೀರಿ ಮೈ ತಂಪು ಮಾಡುತ್ತದೆ. ಹಿಮದಲ್ಲಿ ಅದೇ ಗುಣ ಮುಳುವಾಗುತ್ತದೆ. ಹಿಮ ಎತ್ತುವಾಗ ಬೆವರುತ್ತೀರಿ, ನಿಂತ ಕೂಡಲೇ ಆ ಒದ್ದೆ ಬಟ್ಟೆ ಮೈಯ ಬಿಸಿಯನ್ನು ಎಳೆಯುತ್ತದೆ. ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರಿನ ಥರ್ಮಲ್, 150ರಿಂದ 200 ಜಿಎಸ್‌ಎಂ, ಮೇಲೆ ಎರಡು ಕೆಳಗೆ ಎರಡು ಸಾಕು. ಅದರ ಮೇಲೊಂದು ಫ್ಲೀಸ್, ಅದರ ಮೇಲೆ ನೀರು ಬಿಡದ ಹೊದಿಕೆ. ಗಾಳಿಯನ್ನು ಲೆಕ್ಕಕ್ಕೆ ಹಿಡಿಯಿರಿ: ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 20 ಕೆಳಗಿನ ಚಳಿ.

ಬೂಟಿಗೆ ಹಣ ಸುರಿಯಿರಿ, ಉಳಿದದ್ದರಲ್ಲಿ ಉಳಿಸಿ. ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ, ಆಗಲೇ ಅಳೆಯಬೇಕು. ನೆಲಕ್ಕೆ ಕಾಗದ ಹಾಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು, ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಿರಿ. ಎರಡೂ ಕಾಲು ಅಳೆದು ದೊಡ್ಡದನ್ನು ಹಿಡಿಯಿರಿ. ಉಣ್ಣೆಯ ಕಾಲುಚೀಲ ಹಾಕಿಕೊಂಡು ಬೂಟು ತೊಟ್ಟು, ಒಳಗೆ ಬೆರಳು ಸಲೀಸಾಗಿ ಆಡಿಸಲು ಬರಬೇಕು. ಎರಡು ಜೊತೆ ಕಾಲುಚೀಲ ಹಾಕಿದರೆ ಬೆಚ್ಚಗಾಗುತ್ತದೆ ಎಂಬುದು ಎಲ್ಲರೂ ಮಾಡುವ ತಪ್ಪು. ಬೂಟು ಬಿಗಿಯಾಗಿ ರಕ್ತ ಓಡುವುದಿಲ್ಲ, ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಒಂದೇ ಜೊತೆ, ಒಣಗಿದ್ದು. ಬದಲಿಸಲು ಐದು ಜೊತೆ ಇರಲಿ. ಒಳಗಿನ ಲೈನರ್ ಹೊರತೆಗೆಯಲು ಬರುವ ಬೂಟೇ ಬೇಕು. ರಾತ್ರಿ ಲೈನರ್ ತೆಗೆದು ಬೇರೆ ಇಟ್ಟು, ಬೂಟಿನೊಳಗೆ ಹಳೆಯ ಪೇಪರ್ ತುರುಕಿ. ಹೀಟರಿನ ಮೇಲೆ ಇಟ್ಟರೆ ಬೇಗ ಒಣಗುತ್ತದೆ, ಜೊತೆಗೆ ಅಟ್ಟೆಯ ಅಂಟೂ ಬಿಡುತ್ತದೆ.

ಮಂಜುಗಡ್ಡೆಯ ಮೇಲೆ ನಡೆಯುವುದು ನಮ್ಮವರಿಗೆ ಬೇಗ ಬರಬೇಕು. ಆಟಿಯಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲನ್ನು ಕೊಡೆ ಹಿಡಿದು ಇಳಿಯುವುದನ್ನು ನೆನಪಿಸಿಕೊಳ್ಳಿ: ಗಿಡ್ಡ ಹೆಜ್ಜೆ, ಇಡೀ ಪಾದ ಒಮ್ಮೆಗೆ ಊರುವುದು, ಮೈಭಾರ ಮುಂದಿನ ಕಾಲಿನ ಮೇಲೆ, ಕೈ ಜೇಬಿನ ಹೊರಗೆ. ಅದೇ ನಡಿಗೆ. ಬೂಟಿನ ಮೇಲೆ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿ ಒಂದು ಜೊತೆ ಇದ್ದರೆ ರಾತ್ರಿ ಪಾಳಿ ಮುಗಿಸಿ ಕೋಣೆಗೆ ಹೋಗುವಾಗ ಸೊಂಟ ಉಳಿಯುತ್ತದೆ. ಅಡುಗೆಮನೆಯವರು ಕಸ ಹಾಕಲು ಹೊರಗೆ ಹೋಗುವಾಗ ಕೈ ಪೂರ್ತಿ ಒರೆಸಿಕೊಳ್ಳಿ. ಒದ್ದೆ ಬೆರಳು ಹೆಪ್ಪುಗಟ್ಟಿದ ಕಬ್ಬಿಣದ ಹಿಡಿಗೆ ಅಂಟಿಕೊಂಡರೆ ಚರ್ಮ ಕಿತ್ತು ಬರುತ್ತದೆ. ಬೆರಳೋ ಕಿವಿಯ ತುದಿಯೋ ಬಿಳಿಚಿಕೊಂಡು ಮರಗಟ್ಟಿದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ತಿಳಿಯುವುದಿಲ್ಲ. ಒಳಗೆ ಹೋಗಿ ಕಂಕುಳಲ್ಲಿ ಇಟ್ಟುಕೊಳ್ಳಿ, ಅಥವಾ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಬಣ್ಣ ಮರಳದಿದ್ದರೆ ವೈದ್ಯರಲ್ಲಿಗೆ.

ಬಿಸಿಲಿನ ವಿಷಯದಲ್ಲೂ ಮೋಸ ಹೋಗುತ್ತೇವೆ. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ 80ರಷ್ಟನ್ನು ಹಿಂದಕ್ಕೆ ಎರಚುತ್ತದೆ, ಸಾವಿರ ಮೀಟರ್ ಮೇಲೇರಿದರೆ ಆ ಕಿರಣಗಳೇ ನೂರಕ್ಕೆ ಹತ್ತರಷ್ಟು ಹೆಚ್ಚು. ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಹತ್ತಿರವೂ ಕ್ರೀಮು ಬೇಕು, ಕಣ್ಣಿಗೆ ‘ಕ್ಯಾಟಗರಿ 3’ ಎಂದು ಬರೆದಿರುವ ತಂಪು ಕನ್ನಡಕ ಬೇಕು. ಬಿಸಿ ಮಾಡಿದ ಕೋಣೆಯ ಒಣ ಗಾಳಿಗೆ ತುಟಿ ಸೀಳುತ್ತದೆ, ಮೂಗಿನಿಂದ ರಕ್ತ ಬರುವುದೂ ಉಂಟು. ತೆಂಗಿನೆಣ್ಣೆ ಒಯ್ಯುವುದಾದರೆ ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. 24 ಡಿಗ್ರಿಯ ಕೆಳಗೆ ಅದು ಗಟ್ಟಿಯಾಗುತ್ತದೆ, ಸಪುರ ಬಾಯಿಯ ಬಾಟ್ಲಿಯಿಂದ ಹೊರಗೆ ಬರುವುದಿಲ್ಲ. ಕೊಬ್ಬರಿ ಮಾತ್ರ ಬೇಡ. ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ.

ಬಾಡಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿದವರು ಒಂದು ಸಂಗತಿಯನ್ನು ಮೊದಲೇ ಕಲಿತಿರಲಿ. ಗಿರಾಕಿಯ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿದ್ದಾಗ ಬಿಡಿಸಿಕೊಳ್ಳಬೇಕು. ಎಷ್ಟು ಬಲಕ್ಕೆ ಬಿಡಬೇಕು ಎಂಬುದೇ ಡಿನ್ ಸಂಖ್ಯೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಓಡಿಸುವ ರೀತಿ, ಈ ಐದನ್ನು ಹಿಡಿದು ಪಟ್ಟಿ ನೋಡಿ ತೆಗೆಯುತ್ತಾರೆ. ಅಟ್ಟೆಯ ಉದ್ದ ಬೂಟಿನ ಹಿಮ್ಮಡಿಯ ಬದಿಯಲ್ಲೇ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ, 305 ಎಂಬಂತೆ. ಹತ್ತು ವರ್ಷದ ಕೆಳಗಿನವರಿಗೂ 50 ತುಂಬಿದವರಿಗೂ ಪಟ್ಟಿಯಲ್ಲಿ ಒಂದು ಸಾಲು ಮೇಲೆ ಹೋಗಿ ಕಡಿಮೆ ಸಂಖ್ಯೆ ಇಡಬೇಕು. ಜನ ತೂಕವನ್ನು ಇಳಿಸಿ ಹೇಳುತ್ತಾರೆ, ಚಾತುರ್ಯವನ್ನು ಏರಿಸಿ ಹೇಳುತ್ತಾರೆ. ಸಂಖ್ಯೆ ಹೆಚ್ಚಾದರೆ ಬಿದ್ದಾಗ ಸ್ಕೀ ಕಳಚುವುದಿಲ್ಲ, ಮೊಣಕಾಲು ತಿರುಚುತ್ತದೆ. ಕಡಿಮೆಯಾದರೆ ಓಡುವಾಗಲೇ ಕಳಚುತ್ತದೆ. ಅಟ್ಟೆಯ ಕೆಳಗೆ ಹಿಮ ಮೆತ್ತಿಕೊಂಡಿದ್ದರೆ ಸಂಖ್ಯೆ ಸರಿಯಿದ್ದೂ ಪ್ರಯೋಜನವಿಲ್ಲ, ಮೊದಲು ಕೆರೆದು ತೆಗೆಯಬೇಕು. ತರಬೇತಿ ಕೊಡದೆ ಸ್ಕ್ರೂಡ್ರೈವರ್ ಕೈಗಿತ್ತರೆ ಒಪ್ಪಿಕೊಳ್ಳಬೇಡಿ.

ಊಟಕ್ಕೆ ಕುಚ್ಚಲಕ್ಕಿ ಬೇಕೇ ಬೇಕು ಎನ್ನುವವರು ಚಿಕ್ಕ ಕುಕ್ಕರ್ ಒಯ್ಯಿರಿ. ಪೆರಿಷರ್ ಸುಮಾರು 1,720 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದು ಫ್ಯಾನ್ ಹಾಕಿ, ಮೆಣಸು ಕರಟಲು ಬಿಡಬೇಡಿ. ಹೊಗೆ ಅಲಾರಂ ಕೂಗಿದರೆ ಇಡೀ ಕಟ್ಟಡದವರು ನಡುರಾತ್ರಿ ಹಿಮದಲ್ಲಿ ನಿಲ್ಲಬೇಕಾಗುತ್ತದೆ, ಅಗ್ನಿಶಾಮಕದವರು ಬಂದರೆ ಅದರ ಖರ್ಚೂ ನಿಮ್ಮ ತಲೆಗೆ ಬರಬಹುದು. ಆಸ್ಟ್ರೇಲಿಯಕ್ಕೆ ಇಳಿಯುವಾಗ ಕೊಡುವ ಕಾರ್ಡಿನಲ್ಲಿ ತಿನ್ನುವ ಪ್ರತಿ ವಸ್ತುವನ್ನೂ ಹೇಳಿಬಿಡಿ, ಹಲಸಿನ ಹಪ್ಪಳವಾದರೂ ಸರಿ. ಹೇಳಿದರೆ ಹೆಚ್ಚೆಂದರೆ ತೆಗೆದುಕೊಳ್ಳುತ್ತಾರೆ. ಮುಚ್ಚಿಟ್ಟರೆ ದಂಡ, ವೀಸಾ ರದ್ದಾಗುವುದೂ ಉಂಟು. ಯೂರೋಪಿಗೆ ತುಪ್ಪ, ಹಾಲಿನ ಸಿಹಿ, ಹಸಿ ಕರಿಬೇವು ಒಯ್ಯುವಂತಿಲ್ಲ.

ವಿಮೆ ಕೊಳ್ಳುವಾಗ ಎರಡು ಸಾಲು ಹುಡುಕಿ: ಮೈಕೈ ದುಡಿಯುವ ಕೆಲಸದಲ್ಲಿ ಗಾಯವಾದರೆ ಕೊಡುತ್ತಾರೆಯೇ, ಸ್ಕೀ ಮಾಡುವಾಗ ಬಿದ್ದರೆ ಕೊಡುತ್ತಾರೆಯೇ. ಸಾಮಾನ್ಯ ಪ್ರವಾಸಿ ವಿಮೆಯಲ್ಲಿ ಎರಡೂ ಇರುವುದಿಲ್ಲ. ಆಸ್ಟ್ರೇಲಿಯದ ಸರಕಾರಿ ಮೆಡಿಕೇರ್ ಭಾರತದವರಿಗೆ ಅನ್ವಯಿಸುವುದಿಲ್ಲ, ಆಂಬುಲೆನ್ಸಿಗೂ ಹಣ ಕೊಡಬೇಕು. ಹುಳುಕು ಹಲ್ಲಿದ್ದರೆ ಊರಿನಲ್ಲೇ ತುಂಬಿಸಿಕೊಳ್ಳಿ.

ಮಂಗಳೂರಿನಿಂದ ಹೊರಡಲಿ, ಕಣ್ಣೂರಿನಿಂದ ಹೊರಡಲಿ, ಒಂದು ಕಡೆಯಾದರೂ ವಿಮಾನ ಬದಲಿಸಬೇಕಾಗುತ್ತದೆ, ಪೆಟ್ಟಿಗೆ ಒಂದೆರಡು ದಿನ ಹಿಂದೆ ಉಳಿಯುವ ಸಂಭವ ಇದ್ದೇ ಇದೆ. ಕೆಲಸದ ಮೊದಲ ದಿನ ಜಾಕೆಟ್ಟನ್ನು ಯಾರಾದರೂ ಎರವಲು ಕೊಟ್ಟಾರು, ನಿಮ್ಮ ಕಾಲಿನ ಅಳತೆಯ ಬೂಟು ಯಾರಲ್ಲೂ ಸಿಗದು. ಸೆಕೆಯಾದರೂ ಸರಿ, ಬೂಟನ್ನು ಪೆಟ್ಟಿಗೆಗೆ ಹಾಕದೆ ಕಾಲಿಗೆ ಹಾಕಿಕೊಂಡೇ ಮನೆಯಿಂದ ಇಳಿಯಿರಿ. ಒಂದು ಜೊತೆ ಥರ್ಮಲ್, ಎರಡು ಜೊತೆ ಕಾಲುಚೀಲ, ಕೈಗವಸು ಹೆಗಲ ಚೀಲದಲ್ಲಿರಲಿ.